ಮೊಬೈಲ್ ಇರುವಾಗ ಬಾವುಟ ಯಾಕ್ರಿ ಸರ್?

"ಫೋನ್ ಅದ ಅಲ್ರೀ ಸರ್, ಇದ್ಯಾಕ ಕಲಸ್ಲತ್ತೀರಿ?"

ಬೀದರಿನ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಶನಿವಾರ ನಮ್ಮ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳ ಜೊತೆ ಇರುತ್ತೇನೆ. ಮೈದಾನದ ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ಸೆಮಾಫೋರ್ ಬಾವುಟ (ಕೈಗಳ ಒಂದೊಂದು ಭಂಗಿಗೂ ಒಂದೊಂದು ಅಕ್ಷರ) ಬೀಸುವುದನ್ನು, ಕತ್ತಲಾದ ಮೇಲೆ ಟಾರ್ಚಿನಿಂದ ಮೋರ್ಸ್ (ಗಿಡ್ಡ ಮಿಂಚು ಚುಕ್ಕೆ, ಉದ್ದ ಮಿಂಚು ಗೆರೆ, ಇವೆರಡರಿಂದಲೇ ಅಕ್ಷರ) ಮಿನುಗಿಸುವುದನ್ನು ಕಂಡ ಪಾಲಕರೆಲ್ಲ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮೊಮ್ಮಕ್ಕಳನ್ನು ಕರೆದೊಯ್ಯಲು ಬಂದ ಹಿರಿಯರದು ಇನ್ನೊಂದು ಮಾತು: "ತಾರು ಬಂದ್ ಆಗ್ಯದ ಅಲ್ಲೇನ್ರಿ?" ಹೌದು, ಒಂದು ಕಾಲಕ್ಕೆ ಮೋರ್ಸಿನಲ್ಲೇ ಸುದ್ದಿ ಸಾಗಿಸಿದ ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಇವತ್ತಿನ ಮಕ್ಕಳು ತಾರು ಕಂಡವರಲ್ಲ.

ಆಪತ್ತಿಗೆ ಬೇಕಾಗುತ್ತದೆ ಎನ್ನುವುದು ಸುಲಭದ ಉತ್ತರ. ಅದು ಸುಳ್ಳೂ ಅಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ ಜಿಲ್ಲೆಯ ಹಳ್ಳಿಗಳು ಮುಳುಗಿದ್ದನ್ನು ನಮ್ಮ ಭಾಗದವರು ಮರೆತಿಲ್ಲ. ಯಾದಗಿರಿ ಕಡೆ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟಾಗಲೆಲ್ಲ ನೀಲಕಂಠರಾಯನಗಡ್ಡಿಯ ಜನ ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಸುದ್ದಿ ಎಷ್ಟು ಸಲ ಓದಿಲ್ಲ? ಕರೆಂಟ್ ಹೋಗಿ ಫೋನಿನ ಚಾರ್ಜ್ ಇಳಿದ ಮೇಲೆ ಒಂದು ಸೀಟಿಯೂ ದೊಡ್ಡದೇ. ಒಂದು ನಿಮಿಷದಲ್ಲಿ ಆರು ಸಲ ಊದಬೇಕು, ಒಂದು ನಿಮಿಷ ಬಿಡಬೇಕು, ಮತ್ತೆ ಆರು ಸಲ ಊದಬೇಕು. ಬೆಟ್ಟಗಾಡಿನಲ್ಲಿ ಸಹಾಯ ಕೇಳಲು ಇದೇ ಕ್ರಮ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರರಂತೆ ಊದಿ ಉತ್ತರ ಕೊಡುತ್ತಾರೆ. ಇಷ್ಟನ್ನು ಪ್ರತಿ ಮಗುವೂ ಕಲಿಯಲಿ.

ಆದರೆ ಇದನ್ನು ಕಲಿಸಲು ಅರ್ಧ ತಾಸು ಸಾಕು. ವರ್ಷವಿಡೀ ಬಾವುಟ ಹಿಡಿಸುವುದಕ್ಕೆ ನನಗಿರುವ ಕಾರಣ ಬೇರೆ. ನಮ್ಮ ಮಕ್ಕಳಿಗೆ ಮಾತಾಡಲು ಎಲ್ಲರೂ ಕಲಿಸುತ್ತಾರೆ. ಆಡಿದ ಮಾತು ಎದುರಿನವರಿಗೆ ಮುಟ್ಟಿತೋ ಇಲ್ಲವೋ ನೋಡಿಕೊಳ್ಳಲು ಯಾರೂ ಕಲಿಸುವುದಿಲ್ಲ. ಬಾವುಟವೂ ಟಾರ್ಚೂ ಅದನ್ನೇ ಕಲಿಸುತ್ತವೆ.

ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೊದಲನೆಯವನ ಕಿವಿಯಲ್ಲಿ ಹೇಳುತ್ತೇನೆ: "ನೌಬಾದ್ ದಾಟಿದ ಮೇಲೆ ಬಾವಿ ಹತ್ರ ಮೂರು ಮಂದಿ ಸಿಕ್ಕೊಂಡಾರ, ಒಬ್ಬನ ಕಾಲು ಉಳುಕ್ಯದ, ಹಗ್ಗ ತಗೊಂಡು ಬರ್ರಿ." ಐದನೆಯವನಿಗೆ ಮುಟ್ಟುವಷ್ಟರಲ್ಲಿ ಮೂವರ ಕಾಲೂ ಮುರಿದಿರುತ್ತದೆ, ಹಗ್ಗದ ಮಾತೇ ಇರುವುದಿಲ್ಲ. ಅದೇ ಸುದ್ದಿಯನ್ನು ಬಾವುಟದಲ್ಲಿ ಕಳಿಸಲು ಹೇಳಿದಾಗ ಮಕ್ಕಳು ಮೊದಲು ನೆಲದ ಮೇಲೆ ಕೂತು ಗುದ್ದಾಡುತ್ತಾರೆ. ಅಕ್ಷರ ಅಕ್ಷರಕ್ಕೂ ಕೈ ಎತ್ತಬೇಕಲ್ಲ, ಬೇಡದ್ದನ್ನೆಲ್ಲ ತೆಗೆಯುತ್ತಾರೆ. ಕೊನೆಗೆ ಉಳಿಯುವುದು: ನೌಬಾದ್ ಬಾವಿ, 3 ಜನ, 1 ಕಾಲು, ಹಗ್ಗ. ಎಲ್ಲಿ, ಎಷ್ಟು ಜನ, ಏನಾಗಿದೆ, ಏನು ಬೇಕು ಎಂಬ ನಾಲ್ಕನ್ನು ನಾನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದಲ್ಲ, ಕೈ ನೋವೇ ಹೇಳಿಕೊಟ್ಟಿದ್ದು.

ಪಾಲಕರಿಗೆ ನಾನು ಹೇಳುವುದೂ ಇದನ್ನೇ. ಹುಮನಾಬಾದ್ ಹತ್ತಿರ 65ನೇ ಹೆದ್ದಾರಿಯಲ್ಲಿ ಬೈಕ್ ಬಿದ್ದರೆ ನಿಮ್ಮ ಮಗ 108ಕ್ಕೋ 112ಕ್ಕೋ ಫೋನ್ ಹಚ್ಚುತ್ತಾನೆ. ಗಾಬರಿಯಲ್ಲಿ "ಲಗೂನ ಬರ್ರಿ" ಎಂದು ಕಟ್ ಮಾಡಿದರೆ ಗಾಡಿ ಎಲ್ಲಿಗೆ ಬರಬೇಕು? ಯಾವ ಊರು ದಾಟಿ, ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ, ಎಷ್ಟು ಜನಕ್ಕೆ ಪೆಟ್ಟು ಎಂದು ಹೇಳಿ, ಆ ಕಡೆಯವರು ತಿರುಗಿ ಹೇಳುವವರೆಗೆ ಫೋನ್ ಇಡದ ಹುಡುಗ ಬೇಕು. ಫೋನ್ ಇದ್ದರೂ ಈ ಅಭ್ಯಾಸ ಅದರೊಳಗೆ ಬರುವುದಿಲ್ಲ.

ತಿರುಗಿ ಹೇಳುವ ಈ ಪದ್ಧತಿ ಮೋರ್ಸಿನಲ್ಲಿ ಕಟ್ಟುನಿಟ್ಟು. ಬೆಳಕಿನಲ್ಲಿ ಸುದ್ದಿ ಕಳಿಸುವಾಗ ಓದುವವನು ಪ್ರತಿ ಪದಕ್ಕೂ ಒಂದು ಉದ್ದ ಮಿಂಚು ಕೊಡಬೇಕು, ಅಂದರೆ 'ಟಿ' ಅಕ್ಷರ: ಸಿಕ್ಕಿತು, ಮುಂದೆ ಹೋಗು. ತಪ್ಪಾಯಿತು ಎನ್ನಲು ಕಳಿಸುವವನು ಎಂಟು ಚುಕ್ಕೆ ಹೊಡೆಯುತ್ತಾನೆ. ತಿಳಿಯಲಿಲ್ಲ, ಮತ್ತೊಮ್ಮೆ ಹೇಳು ಎನ್ನುವುದಕ್ಕೂ ಸಂಕೇತವಿದೆ. ತರಗತಿಯಲ್ಲಿ "ತಿಳೀಲಿಲ್ರಿ" ಎನ್ನಲು ನಾಚುವ ಮಕ್ಕಳು ಇಲ್ಲಿ ಅದನ್ನು ನಿಯಮದಂತೆ ಕೇಳುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಸಂತೋಷ ಕಡಿಮೆ.

ಮಾತಿನ ನಡುವಿನ ಬಿಡುವಿಗೂ ಇಲ್ಲಿ ಲೆಕ್ಕವಿದೆ. ಒಂದು ಗೆರೆ ಎಂದರೆ ಮೂರು ಚುಕ್ಕೆಯಷ್ಟು ಹೊತ್ತು. ಅಕ್ಷರದೊಳಗಿನ ಬಿಡುವು ಒಂದು ಚುಕ್ಕೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ನಾವು ಕನ್ನಡ ಪದಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕಳಿಸುತ್ತೇವೆ. 'ನೀರು' ಎನ್ನಲು ಎನ್, ಇ, ಇ, ಆರ್, ಯು. ಎನ್ ಎಂದರೆ ಗೆರೆ-ಚುಕ್ಕೆ, ಇ ಎಂದರೆ ಬರೀ ಒಂದು ಚುಕ್ಕೆ. ಅವಸರದಲ್ಲಿ ಎರಡನ್ನೂ ಕೂಡಿಸಿ ಹೊಡೆದರೆ ಗೆರೆ-ಚುಕ್ಕೆ-ಚುಕ್ಕೆ ಆಗಿ, ಆ ಕಡೆ 'ಡಿ' ಎಂದು ಬರೆದುಕೊಂಡು 'ಡೇರು' ಅಂದರೇನು ಎಂದು ತಲೆ ಕೆರೆದುಕೊಳ್ಳುತ್ತಾರೆ. ಮಾತಿನಲ್ಲೂ ಗಡಬಡಿಸುವ ಹುಡುಗರಿಗೆ ನಾನು ಬೇಕೆಂದೇ ಟಾರ್ಚ್ ಕೊಡುತ್ತೇನೆ.

ನಮ್ಮಲ್ಲಿ ಕನ್ನಡದ ಮನೆಯವರು, ಉರ್ದು ಮನೆಯವರು, ಮರಾಠಿ, ತೆಲುಗು ಮನೆಯವರು ಎಲ್ಲ ಇದ್ದಾರೆ. ಬೀದರ್ ಅಂದರೇ ಹಾಗೆ. ಒಮ್ಮೆ ಒಂದು ಗುಂಪಿನಲ್ಲಿ ಜಗಳ ಬಿತ್ತು. 'ನೀರು' ಕಳಿಸಬೇಕೋ 'ಪಾನಿ' ಕಳಿಸಬೇಕೋ? ಪಾನಿಗೆ ನಾಲ್ಕೇ ಅಕ್ಷರ, ಬೇಗ ಮುಗೀತದ ಎಂದು ಒಬ್ಬರ ವಾದ. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಬೇಕೇ? ಕೂತು ಚುಕ್ಕೆ, ಗೆರೆ, ಬಿಡುವು ಎಲ್ಲ ಎಣಿಸಿದೆವು. 'ನೀರು' 33 ಚುಕ್ಕೆಯಷ್ಟು ಹೊತ್ತು, 'ಪಾನಿ'ಯೂ ಸರಿಯಾಗಿ 33. ಇಂಗ್ಲಿಷಿನಲ್ಲಿ ಹೆಚ್ಚು ಬಳಸುವ ಅಕ್ಷರಗಳಿಗೆ ಗಿಡ್ಡ ಸಂಕೇತ, ಅಪರೂಪದವಕ್ಕೆ ಉದ್ದ ಸಂಕೇತ ಎಂಬ ಏರ್ಪಾಟು ಮೋರ್ಸಿನದು. 'ಪಿ' ಒಂದಕ್ಕೇ 11 ಬೇಕು, 'ಇ'ಗೆ ಒಂದೇ ಸಾಕು. ಯಾವುದಾದರೂ ಸರಿ, ಮೊದಲೇ ಮಾತಾಡಿಕೊಂಡು ಒಂದನ್ನು ಒಪ್ಪಿರಿ ಎಂದೆ. 'ಪಾನಿ' ಎಂದೇ ಒಪ್ಪಿದರು, ಕನ್ನಡದ ಹುಡುಗಿಯೇ ಮೊದಲು ಕೈ ಎತ್ತಿದ್ದು.

ಬಾವುಟದಲ್ಲಿ ಉಚ್ಚಾರಣೆ ಇಲ್ಲ ಎನ್ನುವುದು ನಮ್ಮ ಕಡೆಯ ಮಕ್ಕಳಿಗೆ ಎಷ್ಟು ದೊಡ್ಡ ಬಿಡುಗಡೆ ಎಂದು ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಬೇರೆ ಜಿಲ್ಲೆಯ ಶಿಬಿರಗಳಲ್ಲಿ ನಮ್ಮ ಮಾತು ಕೇಳಿ ನಗುವವರು ಇರುತ್ತಾರೆ. ಹಾಗೆ ಬಾಯಿ ಕಟ್ಟಿಕೊಂಡಿದ್ದ ಭಾಲ್ಕಿ ಕಡೆಯ ಹುಡುಗಿಯೊಬ್ಬಳು ಸೆಮಾಫೋರಿನಲ್ಲಿ ಎಲ್ಲರಿಗಿಂತ ಚುರುಕಾದಳು. ಹೊಸಬರಿಗೆ ಕಲಿಸುವ ಕೆಲಸ ಅವಳಿಗೇ ಕೊಟ್ಟೆ. ಎದುರು ನಿಂತು ಕಲಿಸುವಾಗ ಒಂದು ತೊಡಕಿದೆ: ನಮ್ಮ ಬಲಗೈ ನೋಡುವವರಿಗೆ ಎಡಕ್ಕೆ ಕಾಣುತ್ತದೆ, 'ಬಿ' ತೋರಿಸಿದರೆ ಅವರು 'ಎಫ್' ಮಾಡುತ್ತಾರೆ. ಅವಳು ಸೀದಾ ಹೋಗಿ ಮಕ್ಕಳಿಗೆ ಬೆನ್ನು ಮಾಡಿ ನಿಂತು, "ನನ್ ಕೈ ಹಿಂದ ನಿಮ್ ಕೈ ಬರ್ಲಿ" ಅಂದಳು. ಕೇಳುವವರು ಎಲ್ಲಿ ನಿಂತಿದ್ದಾರೆ ಎಂದು ನೋಡಿ ಹೇಳುವುದು ಅದೇ ಅಲ್ಲವೇ? ಈಗ ಅವಳು ಪ್ರಾರ್ಥನೆಯ ಹೊತ್ತಿನಲ್ಲಿ ಸುದ್ದಿ ಓದುತ್ತಾಳೆ, ತನ್ನದೇ ಧಾಟಿಯಲ್ಲಿ.

ದೊಡ್ಡ ಮಕ್ಕಳನ್ನು ಚೌಬಾರಾ ಕೆಳಗೆ ಕರೆದೊಯ್ಯುತ್ತೇನೆ. ಹಳೆ ಊರಿನ ನಡುವಿನ ಆ ಕಾವಲು ಗೋಪುರ 71 ಅಡಿ ಎತ್ತರ. ನೆಲ ಸಮತಟ್ಟಾಗಿದ್ದರೆ ಅದರ ತುದಿಯಿಂದ ದಿಗಂತ ಎಷ್ಟು ದೂರ? ಭೂಮಿಯ ತ್ರಿಜ್ಯ ಹಿಡಿದು ಪೈಥಾಗೊರಸ್ ಪ್ರಮೇಯ ಹಾಕಿದರೆ ಸುಮಾರು 16.6 ಕಿಲೋಮೀಟರ್ ಬರುತ್ತದೆ. 1794ರಲ್ಲಿ ಫ್ರಾನ್ಸಿನ ಕ್ಲೋಡ್ ಷಾಪ್ ಪ್ಯಾರಿಸ್‌ನಿಂದ ಲಿಲ್ ಊರಿನವರೆಗೆ ಗೋಪುರದಿಂದ ಗೋಪುರಕ್ಕೆ ಮರದ ತೋಳುಗಳನ್ನು ಆಡಿಸಿ ಸುದ್ದಿ ದಾಟಿಸಿದ್ದು ಹೀಗೆ ಕಣ್ಣಿಗೆ ಕಾಣುವ ದೂರವನ್ನೇ ನಂಬಿ. ದಿನಾ ಸೈಕಲ್ ಮೇಲೆ ಸುತ್ತು ಹಾಕುವ ಗೋಪುರವನ್ನು ಮಕ್ಕಳು ಆವತ್ತು ತಲೆ ಎತ್ತಿ ನೋಡುತ್ತಾರೆ.

ಇಷ್ಟು ಹೇಳಿದ ಮೇಲೆ ಪಾಲಕರು ಖರ್ಚು ಕೇಳುತ್ತಾರೆ. ಖರ್ಚೇನೂ ಇಲ್ಲ. ಎರಡು ಬಿದಿರು ಕೋಲು, ಕೆಂಪು ಹಳದಿ ಬಟ್ಟೆಯ ತುಂಡು, ಒತ್ತುವ ಗುಂಡಿಯ ಒಂದು ಟಾರ್ಚ್ ಇದ್ದರೆ ಆಯಿತು. ಟಾರ್ಚ್ ಇಲ್ಲದಿದ್ದರೆ ಮೊಬೈಲಿನದೇ ನಡೆಯುತ್ತದೆ: ಅದನ್ನು ಹತ್ತಿಸಿಯೇ ಇಟ್ಟು, ಅಂಗೈಯಿಂದ ಮುಚ್ಚಿ ತೆರೆಯಬೇಕು, ಅಷ್ಟೇ.