ದರ್ಶನ್ ರಂಗನಾಥನ್ ಪ್ರೊಫೆಸರ್ ಯಾಕಾಗಲಿಲ್ಲ ಅಂದ್ರೆ...

ನಾನು ಡಿಗ್ರಿ ಕಾಲೇಜಿನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ದರ್ಶನ್ ರಂಗನಾಥನ್ ಅನ್ನೋ ಮಹಿಳಾ ವಿಜ್ಞಾನಿ ಬಗ್ಗೆ ಎಲ್ಲಿ ಮಾತಾಡಿದರೂ ಒಬ್ಬರಾದರೂ ಕೇಳೇ ಕೇಳುತ್ತಾರೆ: "ಅಷ್ಟು ದೊಡ್ಡ ಕೆಮಿಸ್ಟ್ ಅಂತೀರಿ, ಐಐಟಿ ಕಾನ್ಪುರದಲ್ಲಿ ಅಷ್ಟು ವರ್ಷ ಇದ್ದೂ ಪ್ರೊಫೆಸರ್ ಯಾಕಾಗಲಿಲ್ಲ?"

ಯಾಕಂದ್ರೆ ಗಂಡ ಎಸ್. ರಂಗನಾಥನ್ ಅಲ್ಲೇ ಪ್ರೊಫೆಸರ್ ಆಗಿದ್ದರು. ಗಂಡ-ಹೆಂಡತಿ ಇಬ್ಬರಿಗೂ ಒಂದೇ ಕಡೆ ಮೇಷ್ಟ್ರ ಕೆಲಸ ಇಲ್ಲ ಅನ್ನೋದು ಆಗ ಅಲ್ಲಿನ ನಿಯಮವಾಗಿತ್ತು. ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿದ್ದರೆ ಕೋರ್ಟಿಗಾದರೂ ಹೋಗಬಹುದಿತ್ತು. ಉತ್ತರ ಮುಗೀತು.

ಆದರೆ ಕೇಳುವವರಿಗೆ ಇಷ್ಟು ಸಾಕಾಗಲ್ಲ. ಒಂದು ವಿಜ್ಞಾನ ದಿನದಂದು ಹಿರಿಯ ಮೇಷ್ಟ್ರೊಬ್ಬರು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಬಂದು, "ಅಲ್ಲಮ್ಮಾ, ಮನೆ ಸಂಸಾರ ಅಂತ ಇರುತ್ತಲ್ಲ, ಕೆಲಸದ ಕಡೆ ಪೂರ್ತಿ ಗಮನ ಕೊಡೋಕಾಗಿರಲ್ಲ" ಅಂದರು. ಸರ್, 1970ಕ್ಕೆ ಕಾನ್ಪುರಕ್ಕೆ ಬರುವ ಹೊತ್ತಿಗೆ ಆಕೆ ದೆಹಲಿಯ ಹೆಣ್ಣುಮಕ್ಕಳ ಕಾಲೇಜು ಮಿರಾಂಡಾ ಹೌಸ್‌ನಲ್ಲಿ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥೆಯಾಗಿದ್ದವರು. ಟಿ. ಆರ್. ಶೇಷಾದ್ರಿಯವರ ಹತ್ತಿರ ಪಿಎಚ್‌ಡಿ, ಲಂಡನ್ನಿನಲ್ಲಿ ನೊಬೆಲ್ ಪಡೆದ ಕೆಮಿಸ್ಟ್ ಡಿ. ಎಚ್. ಆರ್. ಬಾರ್ಟನ್ ಜೊತೆ ಸಂಶೋಧನೆ ಮಾಡಿ ಬಂದವರು. ಆಮೇಲೆ ಕಾನ್ಪುರದಲ್ಲಿ ಫೆಲೋಶಿಪ್ ಮೇಲೆ ಫೆಲೋಶಿಪ್ ಹಿಡಿದು ಸಂಶೋಧನೆ ನಡೆಸಿದರು. ಇದಕ್ಕಿಂತ ಗಮನ ಇನ್ನೆಷ್ಟು ಕೊಡಬೇಕು? ಮೇಷ್ಟ್ರು ಸುಮ್ನೆ ಉಪ್ಪಿಟ್ಟು ತಿಂದರು.

ಹುದ್ದೆ ಬಿಡಿ. ಆಕೆ ಮಾಡಿದ್ದೇನು ಅಂತ ಯಾರೂ ಕೇಳಲ್ಲ ನೋಡಿ, ನನಗೆ ಅದೇ ಜಾಸ್ತಿ ಉರಿಯೋದು. ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಸಿಸ್ಟೀನ್ (cystine) ಅನ್ನೋ ಅಮೈನೊ ಆಮ್ಲ ಇದೆ, ನಮ್ಮ ಕೂದಲಲ್ಲಿ ಬೇಕಾದಷ್ಟು ಸಿಗುತ್ತದೆ. ಅದನ್ನು ಯೂರಿಯಾ ಕೊಂಡಿಗಳಿಂದ ಸೇರಿಸಿ ಉಂಗುರದಂಥ ಅಣು ಮಾಡಿದರು. ಹರಳಾಗುವಾಗ ಈ ಉಂಗುರಗಳು ತಾವೇ ಒಂದರ ಮೇಲೊಂದು ಕೂತು ಟೊಳ್ಳು ಕೊಳವೆಯಾಗುತ್ತವೆ. ಕೋಲಿಗೆ ಪೋಣಿಸಿದ ಬಳೆಗಳ ಹಾಗೆ, ಆದರೆ ನಡುವೆ ಕೋಲಿಲ್ಲ. ಹಿಡಿದಿಡೋದು ಹೈಡ್ರೋಜನ್ ಬಂಧ ಮಾತ್ರ. ಒಂದು ಉಂಗುರದ ಎನ್‌-ಎಚ್ (ನೈಟ್ರೋಜನ್-ಹೈಡ್ರೋಜನ್ ಜೋಡಿ) ಪಕ್ಕದ ಉಂಗುರದ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಅಣುವಿನ ಯಾವ ಮೂಲೆಗೆ ಏನಿಟ್ಟರೆ ಅದು ಹೀಗೆ ಕೂರುತ್ತದೆ ಅಂತ ಮೊದಲೇ ಲೆಕ್ಕ ಹಾಕಬೇಕು. ತಮಾಷೆಯ ಕೆಲಸ ಅಲ್ಲ.

1993ರಲ್ಲಿ ತಿರುವನಂತಪುರದ, 1998ರಲ್ಲಿ ಹೈದರಾಬಾದಿನ ಸಂಶೋಧನಾ ಸಂಸ್ಥೆಗೆ ಹೋದರು. 1999ರಲ್ಲಿ ಥರ್ಡ್ ವರ್ಲ್ಡ್ ಅಕಾಡೆಮಿಯ (ಅಭಿವೃದ್ಧಿಶೀಲ ದೇಶಗಳ ವಿಜ್ಞಾನ ಅಕಾಡೆಮಿ) ರಸಾಯನಶಾಸ್ತ್ರ ಪ್ರಶಸ್ತಿ ಬಂತು, ಅದರಲ್ಲಿ ಈ ಕೊಳವೆಗಳ ಪಾಲೂ ಇದೆ. 2001ರ ಜೂನ್ 4ರಂದು, ಅರವತ್ತು ತುಂಬಿದ ದಿನವೇ, ಸ್ತನ ಕ್ಯಾನ್ಸರಿನಿಂದ ಹೋಗಿಬಿಟ್ಟರು.

ಅಂದ ಹಾಗೆ, ಆ ಹರಳುಗಳ ಒಳರಚನೆಯನ್ನು ಎಕ್ಸ್‌-ರೇಯಿಂದ ಬಿಡಿಸಿ ತೋರಿಸಿದವರು ಅಮೆರಿಕದ ಇಸಾಬೆಲ್ಲಾ ಕಾರ್ಲ್. ಎಕ್ಸ್‌-ರೇ ವಿಧಾನದ ಕೆಲಸಕ್ಕೆ 1985ರ ನೊಬೆಲ್ ಬಂದದ್ದು ಅವರ ಗಂಡ ಜೆರೋಮ್ ಕಾರ್ಲ್ ಮತ್ತು ಹರ್ಬರ್ಟ್ ಹಾಪ್ಟ್‌ಮನ್‌ಗೆ. ಆ ವಿಧಾನವನ್ನು ನಿಜವಾದ ಹರಳುಗಳ ಮೇಲೆ ದುಡಿಸಿ ತೋರಿಸಿದ ಇಸಾಬೆಲ್ಲಾಗೆ ಯಾಕೆ ಕೊಡಲಿಲ್ಲ ಅಂತ ದಯವಿಟ್ಟು ನನ್ನನ್ನ ಕೇಳಬೇಡಿ.