ಇದು ಯಾರ ಕಡೆಯಿಂದ ಬಂತು ಅಂತ ಕೇಳಬೇಡಿ

ಹೋದಲ್ಲೆಲ್ಲ ಒಂದೇ ಪ್ರಶ್ನೆ. "ಮೇಡಂ, ನೀವು ಬಯಾಲಜಿ ಅಲ್ವಾ? ಹೇಳಿ, ಮಗುಗೆ ಇದು ಯಾರ ಕಡೆಯಿಂದ ಬಂತು?" ಬಸ್ಸಲ್ಲಿ ಕೇಳುತ್ತಾರೆ, ಮದುವೆ ಊಟದಲ್ಲಿ ಕೇಳುತ್ತಾರೆ, ಶಿಡ್ಲಘಟ್ಟದ ರೇಷ್ಮೆ ಗೂಡು ಮಾರ್ಕೆಟ್ ಹತ್ತಿರ ಟೀ ಕುಡಿಯಲು ನಿಂತರೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದುಬಿಡುತ್ತೇನೆ.

ಮೊದಲು ಆ "ಕಡೆ" ಅನ್ನೋ ಮಾತು ಬಿಡಿ. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಮಗು ಚುರುಕಾಗಿದ್ದರೆ ನಮ್ಮ ಕಡೆ. ಏನಾದರೂ ಕೊರತೆ ಕಂಡರೆ ಸೊಸೆ ಕಡೆ. ನಾನು ಹೂಂ ಅನ್ನಬೇಕು, ಅಷ್ಟೇ. ಅನ್ನುವುದಿಲ್ಲ.

ಎರಡು ವರ್ಷದ ಹಿಂದೆ ನೆಂಟರ ಮನೆಯಲ್ಲಿ ನಾಮಕರಣ. ಮಗು ಅಪ್ಪ ಅಮ್ಮ ಇಬ್ಬರಿಗಿಂತಲೂ ಕಪ್ಪು. ಅಜ್ಜಿ ತೊಟ್ಟಿಲ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಅದೇ ಪ್ರಶ್ನೆ ಎತ್ತಿದರು. ಬಾಣಂತಿ ತಲೆ ಬಗ್ಗಿಸಿ ಮಗುವಿನ ಕುಲಾವಿಯ ದಾರ ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು. ನನಗೆ ರೇಗಿತು. "ಅಜ್ಜಿ, ಎಷ್ಟು ವರ್ಷ ರೇಷ್ಮೆ ಹುಳು ಮೇಯಿಸಿದ್ದೀರಿ?" ಅಂದೆ. "ನಲವತ್ತು" ಅಂದರು. ಹಾಗಾದರೆ ನಿಮಗೆ ಅರ್ಥ ಆಗುತ್ತೆ ಅಂತ ಅಲ್ಲೇ ಶುರು ಮಾಡಿದೆ.

ಗೂಡಿನ ಹಳದಿ ಬಣ್ಣವನ್ನು ಹುಳು ತಾನೇ ಮಾಡಿಕೊಳ್ಳುವುದಿಲ್ಲ. ಅದು ಹಿಪ್ಪುನೇರಳೆ ಸೊಪ್ಪಿನಲ್ಲಿದೆ. ಅಲ್ಲಿಂದ ಗೂಡಿಗೆ ಬರಲು ಎರಡು ಬಾಗಿಲು ದಾಟಬೇಕು. ಒಂದು, ಕರುಳಿನಿಂದ ರಕ್ತಕ್ಕೆ. ಅದನ್ನು ತೆರೆಯುವುದು ವೈ ಅನ್ನೋ ಜೀನ್, ಅಂದರೆ ಅಪ್ಪ ಅಮ್ಮನಿಂದ ಒಂದೊಂದು ಪ್ರತಿ ಬರುವ ಗುಣದ ಸೂಚನೆ. ಇನ್ನೊಂದು, ರಕ್ತದಿಂದ ರೇಷ್ಮೆ ಗ್ರಂಥಿಗೆ. ಅದು ಸಿ ಜೀನಿನ ಕೆಲಸ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಬಿಡುವಾಗ ಉಗುರು ತಾಗಿ ಗಾಯವಾದರೆ, ಹಳದಿ ತಳಿಯಲ್ಲಿ ಬೆರಳ ಮೇಲೆ ಅರಿಶಿನ ನೀರಿನಂಥ ಹನಿ ನಿಲ್ಲುತ್ತದೆ. ಅಂದರೆ ವೈ ತನ್ನ ಕೆಲಸ ಮುಗಿಸಿದೆ. ಸಿ ಕೆಟ್ಟಿದ್ದರೆ ಅದೇ ಹಳದಿ ರಕ್ತದ ಹುಳು ಬಿಳಿ ಗೂಡು ಕಟ್ಟುತ್ತದೆ. ಸಿ ಚೆನ್ನಾಗಿದ್ದು ವೈ ಕೆಟ್ಟಿದ್ದರೂ ಗೂಡು ಬಿಳಿಯೇ. ಒಳಬಾಗಿಲು ತೆರೆದಿದೆ, ಬರೋದಕ್ಕೆ ಬಣ್ಣವೇ ಇಲ್ಲ.

ಈಗ ಈ ಎರಡು ಬಿಳಿ ತಳಿಗಳನ್ನು ಕೂಡಿಸಿ. ಮರಿಗಳೆಲ್ಲ ಹಳದಿ ಗೂಡು ಕಟ್ಟುತ್ತವೆ! ಒಬ್ಬರಿಂದ ಸರಿಯಾದ ವೈ, ಇನ್ನೊಬ್ಬರಿಂದ ಸರಿಯಾದ ಸಿ. ಬಾಗಿಲು ತೆರೆಯಲು ಒಂದೊಂದು ಸರಿಯಾದ ಪ್ರತಿ ಸಾಕು. "ಹೇಳಿ ಅಜ್ಜಿ, ಹಳದಿ ಯಾರ ಕಡೆಯಿಂದ ಬಂತು?"

ಅಜ್ಜಿ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಸೊಪ್ಪಿಂದ" ಅಂದರು. ಎಲ್ಲರೂ ನಕ್ಕರು, ಬಾಣಂತಿಯೂ ನಕ್ಕಳು. ಮೈಬಣ್ಣಕ್ಕೆ ಎರಡಲ್ಲ, ಹತ್ತಾರು ಜೀನ್‌ಗಳು ಸೇರುತ್ತವೆ ಅಂತ ಆಮೇಲೆ ಹೇಳಿದೆ.

ಬರೀ ಬಣ್ಣದ ವಿಷಯವಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. 1952ರಲ್ಲಿ ಮುಂಬೈಯ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಬಾಂಬೆ ಅನ್ನೋ ಅಪರೂಪದ ರಕ್ತದ ಗುಂಪಿನ ಬಗ್ಗೆ ಬರೆದರು. ರಕ್ತಕಣದ ಮೇಲೆ ಎ, ಬಿ ಗುರುತು ಕೂರಲು ಎಚ್ ಅನ್ನೋ ಮಣೆ ಬೇಕು. ಆ ಮಣೆ ಮಾಡುವ ಜೀನ್ ಬೇರೆ. ಅಪ್ಪ ಅಮ್ಮ ಇಬ್ಬರಿಂದಲೂ ಅದರ ಕೆಟ್ಟ ಪ್ರತಿಯೇ ಬಂದರೆ, ಎ ಅಥವಾ ಬಿ ಜೀನ್ ಇದ್ದರೂ ಗುರುತು ಕಾಣುವುದಿಲ್ಲ. ಮಾಮೂಲಿ ಪರೀಕ್ಷೆ "ಓ" ಅನ್ನುತ್ತದೆ. ಹೀಗೆ ಒಂದು ಜೀನ್ ಇನ್ನೊಂದನ್ನು ಮರೆ ಮಾಡುವುದಕ್ಕೆ ಎಪಿಸ್ಟಾಸಿಸ್ ಅಂತ ಹೆಸರು. ಎಬಿ ಅಪ್ಪನಿಗೆ ಓ ಮಗು ಹುಟ್ಟುವುದಿಲ್ಲ ಅನ್ನೋದು ಮಾಮೂಲಿ ಲೆಕ್ಕ. ಅಪ್ಪನದು ಎಬಿ, ಮಗುವಿನದು ಓ ಅಂತ ಚೀಟಿ ಬಂದರೆ ಮನೆಯವರ ಕಣ್ಣು ಯಾರ ಮೇಲೆ ಬೀಳುತ್ತದೆ, ಹೇಳಬೇಕಾ? ಆ ತಾಯಿಯದು ಏನೂ ತಪ್ಪಿಲ್ಲದಿರಬಹುದು. ಮೇಲಾಗಿ ಆ ಮಗುವಿಗೆ ಮಾಮೂಲಿ ಓ ರಕ್ತವೂ ಆಗುವುದಿಲ್ಲ. ಮನೆಯವರು ಯೋಚಿಸಬೇಕಾದ್ದು ಅದು.

ಕೇಳಲೇಬೇಕು ಅಂದರೆ ನನ್ನನ್ನು ಇದು ಕೇಳಿ: ಆ ಹಳದಿ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ? 16ರಲ್ಲಿ ಸುಮಾರು 9 ಹಳದಿ, 7 ಬಿಳಿ. ಇಂಗ್ಲೆಂಡಿನ ವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ ನೂರು ವರ್ಷಕ್ಕೂ ಹಿಂದೆ ಸ್ವೀಟ್ ಪೀ ಹೂವಿನಲ್ಲಿ ಕಂಡ ಲೆಕ್ಕವೂ ಇದೇ. ಆ 7 ಗೂಡು ಹೊರಗಿಂದ ಒಂದೇ ಥರ. ಹುಳುವಿನ ರಕ್ತ ನೋಡಿದರೆ 3ರಲ್ಲಿ ಹಳದಿ, 4ರಲ್ಲಿ ಬಣ್ಣವಿಲ್ಲ. ಆ ನಾಲ್ಕರಲ್ಲಿ ಒಂದಕ್ಕೆ ಎರಡೂ ಬಾಗಿಲು ಮುಚ್ಚಿವೆ. ಯಾವುದು ಅಂತ ತಿಳಿಯಬೇಕಾ? ಒಂದೊಂದನ್ನೂ ಹಳದಿ ರಕ್ತದ ಬಿಳಿ ಗೂಡಿನ ಚಿಟ್ಟೆ ಜೊತೆ ಕೂಡಿಸಿ, ಮುಂದಿನ ಬೆಳೆವರೆಗೆ ಕಾಯಿರಿ. ಒಂದೇ ಒಂದು ಹಳದಿ ಗೂಡು ಕಂಡರೂ, ನೀವು ಕೂಡಿಸಿದ್ದು ಎರಡೂ ಬಾಗಿಲು ಮುಚ್ಚಿದ ಆ ಹುಳು ಅಲ್ಲ.