ಮಳೆಯ ನಾಡಿಗೆ ಒಣಗಬಲ್ಲ ಮನೆ

ಶಿರಸಿ ಸೀಮೆಯಲ್ಲಿ ಈಚೆಗೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಆಷಾಢದ ಹೊತ್ತಿಗೆ ಕಪಾಟಿನ ಹಿಂದೆ ಬೂಷ್ಟು ಹಿಡಿದಿರುತ್ತದೆ, ಮಕ್ಕಳಿಗೆ ಕೆಮ್ಮು ಬಿಡುವುದಿಲ್ಲ. ಸಿಮೆಂಟ್ ಗಾರೆಯ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದ ಗೋಡೆಗೆ ಒಮ್ಮೆ ತೇವ ಸೇರಿಕೊಂಡರೆ ಅದು ಸುಲಭವಾಗಿ ಹೊರಗೆ ಹೋಗುವುದಿಲ್ಲ. ಘಟ್ಟದ ಕೆಳಗಂತೂ ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಆದ್ದರಿಂದ ಆರೋಗ್ಯಕರ ಮನೆಯ ಮಾತು ಬಂದಾಗ, ನೆನೆದ ಮೇಲೆ ಇದು ಒಣಗುತ್ತದೆಯೇ ಎಂಬ ಪ್ರಶ್ನೆಯನ್ನೇ ನಾನು ಪ್ರತಿಯೊಂದು ಸಾಮಗ್ರಿಯ ಬಗ್ಗೆಯೂ ಮೊದಲು ಕೇಳುತ್ತೇನೆ.

ನಮ್ಮ ತೋಟದಲ್ಲೇ ಸಿಗುವ ಅಡಿಕೆ ದಬ್ಬೆ ಇದಕ್ಕೆ ಒಳ್ಳೆಯ ಉದಾಹರಣೆ. ಅಡಿಕೆ ಮರದ ಗಟ್ಟಿತನವೆಲ್ಲ ಹೊರಸುತ್ತಿನಲ್ಲಿದೆ. ಒಳಗಿನದು ನೀರು ಹೀರುವ ಮೆತ್ತನೆಯ ತಿರುಳು. ಬಲಿತ ಮರವನ್ನು ಸೀಳಿ, ಆ ತಿರುಳನ್ನು ಕತ್ತಿಯಿಂದ ಪೂರ್ತಿ ಕೆತ್ತಿ ತೆಗೆದು, ನೆರಳಿನಲ್ಲಿ ಒಣಗಿಸಿದ ದಬ್ಬೆ ಹೆಂಚಿನ ಮಾಡಿನಡಿಯಲ್ಲಿ ಬಹುಕಾಲ ಬಾಳುತ್ತದೆ. ತಿರುಳು ಉಳಿದರೆ ಕೊಳೆಯುವುದು ಅಲ್ಲಿಂದಲೇ.

ಬಿದಿರಿಗೆ ಇನ್ನೂ ಹೆಚ್ಚಿನ ಆರೈಕೆ ಬೇಕು. ಅದರಲ್ಲಿರುವ ಪಿಷ್ಟವೇ ಕುಟ್ಟೆ ಹುಳುವಿಗೆ ಆಹಾರ. ಗಳದ ಕೆಳಗೆ ನೆಲದ ಮೇಲೆ ಹಳದಿ ಹಿಟ್ಟು ಉದುರಿದ್ದು ಕಂಡರೆ ಹುಳು ಆಗಲೇ ಒಳಹೊಕ್ಕಿದೆ ಎಂದೇ ತಿಳಿಯಬೇಕು. ಕಳಲೆ ಏಳುವ ಮಳೆಗಾಲದಲ್ಲಿ ಕಡಿಯದೆ, ಮೂರು ವರ್ಷ ದಾಟಿದ ಗಳಗಳನ್ನೇ ಆರಿಸಿ, ಗಿಣ್ಣುಗಳ ಒಳತಡೆಗಳಿಗೆ ತೂತು ಕೊರೆದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸುವುದು ಇಂದು ರೂಢಿಯಲ್ಲಿರುವ ಕ್ರಮ. ಆದರೆ ಆ ಲವಣ ನೀರಿನಲ್ಲಿ ಕರಗುವಂಥದ್ದು. ಮಳೆಯ ಎರಚಲಿಗೆ ಸಿಕ್ಕರೆ ಉಪಚಾರವೆಲ್ಲ ತೊಳೆದುಹೋಗುತ್ತದೆ. ಹಾಗಾಗಿ ಅಗಲವಾದ ಸೂರು, ನೆಲದಿಂದ ಎತ್ತರಿಸಿದ ಪಂಚಾಂಗ (ಅಡಿಪಾಯ) ಇಲ್ಲದ ಬಿದಿರಿನ ಮನೆಯನ್ನು ನಮ್ಮ ಕಡೆ ಕಟ್ಟಲೇಬಾರದು ಎನ್ನುವುದು ನನ್ನ ದೃಢ ಅಭಿಪ್ರಾಯ. 2017ರ ತಿದ್ದುಪಡಿಯಿಂದ, ಅರಣ್ಯದ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಮರವಲ್ಲ, ಹಾಗಾಗಿ ಆ ಕಾಯ್ದೆ ಮರಕ್ಕೆ ಹೇರುವ ನಿರ್ಬಂಧ ಅದಕ್ಕಿಲ್ಲ. ಬೇಲಿಯಂಚಿನಲ್ಲಿ ನಾಲ್ಕು ಮೆಳೆ ಬೆಳೆಸಿಕೊಳ್ಳಲು ರೈತರಿಗೆ ಇದೊಂದು ಅನುಕೂಲ.

ಗೋಡೆಗೆ ಭತ್ತದ ಹುಲ್ಲನ್ನು ಸಣ್ಣಗೆ ಕತ್ತರಿಸಿ ಸೇರಿಸಿದ ಮಣ್ಣಿನ ಗಿಲಾವು, ಅದರ ಮೇಲೆ ಸುಣ್ಣ. ಹುಲ್ಲು ಬಿರುಕನ್ನು ತಡೆಯುತ್ತದೆ, ಮಣ್ಣು ತೇವವನ್ನು ಹೀರಿ ಮರಳಿ ಬಿಡುತ್ತದೆ, ಸುಣ್ಣದ ಕ್ಷಾರಗುಣ ಬೂಷ್ಟನ್ನು ದೂರವಿಡುತ್ತದೆ. ಇಂಥ ಗೋಡೆಗೆ ಕೊನೆಯಲ್ಲಿ ಪ್ಲಾಸ್ಟಿಕ್ ಪೇಂಟ್ ಬಳಿದರೆ ಮಾಡಿದ್ದೆಲ್ಲ ವ್ಯರ್ಥ.

ಮರದ್ದೆಂದು ಮಾರುವುದೆಲ್ಲ ನಿರುಪದ್ರವಿಯೂ ಅಲ್ಲ. ಅಗ್ಗದ ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುತ್ತದೆ. ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ವರ್ಗೀಕರಿಸಿದೆ. ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಅದು ಬೋರ್ಡಿನಿಂದ ಹೆಚ್ಚು ಹೊರಬರುತ್ತದೆ, ಕರಾವಳಿಯಲ್ಲಿ ಎರಡಕ್ಕೂ ಕೊರತೆಯಿಲ್ಲ. ಮಲಗುವ ಕೋಣೆಗೆ ಹಲಸಿನ ಹಲಗೆಯ ಒಂದೇ ಪೆಟ್ಟಿಗೆಯಾದರೂ ಸಾಕು, ಗೋಡೆ ತುಂಬ ಬೋರ್ಡಿನ ಕಪಾಟು ಬೇಡ. ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಒರಲೆಗೆ ಒಳ್ಳೆಯ ಮದ್ದೇ ಆದರೂ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಅದನ್ನು ಹೊರಗಿನ ಕಂಬ, ಪಕಾಸಿಗಳಿಗಷ್ಟೇ ಬಳಸಬೇಕು, ಅದೂ ಕೈಗವಸು ಹಾಕಿಕೊಂಡು. ಬಚ್ಚಲಿಗೆ ಮಾತ್ರ ನಾನು ಈಗಲೂ ಚಿರೆಕಲ್ಲು ಮತ್ತು ಸಿಮೆಂಟನ್ನೇ ಸೂಚಿಸುತ್ತೇನೆ.